ಅಲರ್ಜಿ ಎಂದರೆ ನಾನು ಮೊದಲು ಕೇಳುವುದು: ಯಾವಾಗ ಶುರುವಾಯ್ತು?

ವಾರ್ಡಿನಲ್ಲಿ ನರ್ಸ್ ಆಗಿ ನಾನು ಕಲಿತ ದೊಡ್ಡ ಪಾಠ ಗಡಿಯಾರ ನೋಡುವುದು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೈಗೆ ತಿರುಗಿಬಿದ್ದಾಗ, ಅದು ಎಷ್ಟು ಹೊತ್ತಿಗೆ ಶುರುವಾಯ್ತು ಎನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ನಿಮಿಷಗಳದ್ದೇ ಜಾಸ್ತಿ ಭಯ. ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟು ಪಕ್ಕದ ಹಾಸಿಗೆಗೆ ಹೋಗಿರುತ್ತೇವೆ. ಇತ್ತ ರೋಗಿ ಅಂಗೈ ಕೆರೆದುಕೊಳ್ಳುತ್ತಾ, "ಸಿಸ್ಟರ್, ಯಾಕೋ ಒಂಥರಾ ಆಗ್ತಿದೆ" ಎನ್ನುತ್ತಾರೆ. ತುಟಿ ಊದಿರುತ್ತದೆ, ದನಿ ಒಡೆದಿರುತ್ತದೆ. ಮಾಸ್ಟ್ ಕೋಶಗಳೆಂಬ ರೋಗನಿರೋಧಕ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಸುರಿದಾಗ ರಕ್ತನಾಳ ಸಡಿಲವಾಗಿ ಬಿಪಿ ಕುಸಿಯುತ್ತದೆ, ಉಸಿರಿನ ದಾರಿ ಕಟ್ಟಿಕೊಳ್ಳುತ್ತದೆ. ಇಲ್ಲಿ ಅಲರ್ಜಿ ಮಾತ್ರೆ ಕೊಟ್ಟು ಕಾಯುವುದು ತಪ್ಪು. ಅದು ತುರಿಕೆ ಇಳಿಸೀತು, ಉಸಿರು ಉಳಿಸುವುದಿಲ್ಲ. ದೊಡ್ಡವರಿಗೆ 0.5 ಮಿಲಿಗ್ರಾಂ ಅಡ್ರಿನಲಿನ್, ತೊಡೆಯ ಹೊರಭಾಗದ ಸ್ನಾಯುವಿಗೆ, ತಕ್ಷಣ. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು. ಬಿಪಿ ಬಿದ್ದವರನ್ನು ಎಬ್ಬಿಸಿ ನಡೆಸಲೇಬಾರದು.

"ಹೋದ ಸಲ ಇದೇ ಔಷಧಿ ತಗೊಂಡಾಗ ಏನೂ ಆಗಿರಲಿಲ್ಲ" ಎಂಬ ಮಾತು ನನಗೆ ಸಮಾಧಾನ ಕೊಡುವುದಿಲ್ಲ. ಆ ಸಲವೇ ದೇಹ ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯ (ಹೊರಗಿನ ವಸ್ತುವನ್ನು ಗುರುತಿಸಿ ಹಿಡಿಯುವ ಪ್ರೋಟೀನ್) ತಯಾರಿಸಿ ಇಟ್ಟುಕೊಂಡಿರಬಹುದು. 1902ರಲ್ಲಿ ಫ್ರೆಂಚ್ ವಿಜ್ಞಾನಿಗಳಾದ ರಿಶೆ ಮತ್ತು ಪೋರ್ಟಿಯೇ ನಾಯಿಗಳಲ್ಲಿ ಕಂಡದ್ದೂ ಇದನ್ನೇ. ಮೊದಲ ಸಲ ತಡೆದುಕೊಂಡ ವಿಷ, ವಾರಗಳ ನಂತರ ಸ್ವಲ್ಪವೇ ಕೊಟ್ಟರೂ ಪ್ರಾಣ ತೆಗೆಯಿತು.

ಗುಂಪು ಹೊಂದದ ರಕ್ತ ಹೋದರೂ ನಿಮಿಷಗಳಲ್ಲೇ ಗೊತ್ತಾಗುತ್ತದೆ: ಚಳಿ, ಜ್ವರ, ಸೊಂಟ ನೋವು. ಪ್ರತಿಕಾಯಗಳು ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಅದಕ್ಕೇ ರಕ್ತ ಹಾಕಿದ ಮೊದಲ 15 ನಿಮಿಷ ನಾನು ಹಾಸಿಗೆ ಬಿಟ್ಟು ಕದಲುವುದಿಲ್ಲ.

ಪ್ರತಿಕಾಯಗಳ ಬದಲು ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಎಬ್ಬಿಸುವ ಪ್ರತಿಕ್ರಿಯೆ ನಿಧಾನ. ಕ್ಷಯ ಪತ್ತೆಗೆ ಚರ್ಮದಲ್ಲಿ ಮಾಡುವ ಮಾಂಟೂ ಪರೀಕ್ಷೆಯನ್ನು 48ರಿಂದ 72 ಗಂಟೆಯೊಳಗೆ ಓದುವುದು ಇದಕ್ಕೇ. ಅಳೆಯಬೇಕಾದ್ದು ಗಟ್ಟಿಯಾದ ಊತ, ಸುತ್ತಲಿನ ಕೆಂಪನ್ನಲ್ಲ. ವಾಚಿನ ನಿಕ್ಕಲ್ ತಾಗಿ ಏಳುವ ತುರಿಕೆಯೂ ಇದೇ ಜಾತಿ.

ಸುಲಭವಾಗಿ ಕೈತಪ್ಪುವುದು ಇನ್ನೊಂದು. ಹಾವಿನ ವಿಷಕ್ಕೆ ಕೊಡುವ ಔಷಧಿ ಸಾಮಾನ್ಯವಾಗಿ ಕುದುರೆಯ ರಕ್ತದಿಂದ ಬರುತ್ತದೆ. ದೇಹ ಅದಕ್ಕೆ ಪ್ರತಿಕಾಯ ತಯಾರಿಸುವಷ್ಟರಲ್ಲಿ ಒಂದೆರಡು ವಾರ ಕಳೆದಿರುತ್ತದೆ. ಆ ಪ್ರತಿಕಾಯ ಮತ್ತು ಕುದುರೆಯ ಪ್ರೋಟೀನ್ ಎರಡೂ ಕೂಡಿದ ಗಂಟುಗಳು ಕೀಲು, ರಕ್ತನಾಳಗಳಲ್ಲಿ ಕೂತು ಉರಿಯೂತ ಎಬ್ಬಿಸುತ್ತವೆ. ರೋಗಿ ಅಷ್ಟರಲ್ಲಿ ಮನೆ ಸೇರಿರುತ್ತಾರೆ, ಇದು ಬೇರೆ ಯಾವುದೋ ಜ್ವರ ಅಂದುಕೊಳ್ಳುತ್ತಾರೆ. ಹಾಗಾಗಿ ಡಿಸ್ಚಾರ್ಜ್ ಚೀಟಿ ಕೊಡುವಾಗ ಮನೆಯವರನ್ನೂ ಕರೆದು ಹೇಳುತ್ತೇನೆ: ಇನ್ನೆರಡು ವಾರದೊಳಗೆ ಜ್ವರ, ಕೀಲು ನೋವು, ಮೈಮೇಲೆ ಗಂಧೆ ಬಂದರೆ ವಾಪಸ್ ಬನ್ನಿ, ಯಾವ ಇಂಜೆಕ್ಷನ್ ಆಗಿತ್ತು ಅಂತ ಈ ಚೀಟಿ ತೋರಿಸಿ.