ಅಷ್ಟು ಪ್ರೀತಿಯಿದ್ದರೆ ವೆಲ್ಶ್ ಜನ ನಾಡು ಬಿಟ್ಟದ್ದೇಕೆ?

ದಕ್ಷಿಣ ಅಮೆರಿಕದ ತುದಿಯ ಪೆಟಗೋನಿಯಾದಲ್ಲಿ ನೆಲೆಸಿದ ವೆಲ್ಶ್ ಜನರ, ಎಂದರೆ ಬ್ರಿಟನ್ನಿನ ವೇಲ್ಸ್ ನಾಡಿನಿಂದ ಹೋದ ವಲಸಿಗರ ವಿಷಯ ನಾನು ಎತ್ತಿದಾಗಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತದೆ: ತಾಯ್ನಾಡಿನ ಮೇಲೆ ಅಷ್ಟೊಂದು ಪ್ರೀತಿಯಿದ್ದವರು ಅದನ್ನು ತೊರೆದು ಅರ್ಜೆಂಟೀನಾದ ಬರಡು ನೆಲಕ್ಕೆ ಏಕೆ ಹೋದರು, ಹೋದ ಮೇಲಾದರೂ ಮರಳಿ ಬರಬಹುದಿತ್ತಲ್ಲ? ಪ್ರೀತಿ ಕಡಿಮೆಯಾಗಿ ಅವರು ಹೋಗಲಿಲ್ಲ, ವೇಲ್ಸ್‌ನಲ್ಲಿಯೇ ಇದ್ದರೆ ವೆಲ್ಶರಾಗಿ ಉಳಿಯಲಾರೆವೆಂಬ ಭಯದಿಂದ ಹೋದರು ಎಂಬುದು ನನ್ನ ಉತ್ತರ.

1847ರಲ್ಲಿ ವೆಲ್ಶ್ ಭಾಷೆ ಬಾರದ ಮೂವರು ಕಮಿಷನರುಗಳು ಬ್ರಿಟಿಷ್ ಸರ್ಕಾರಕ್ಕೆ ವೇಲ್ಸ್‌ನ ಶಿಕ್ಷಣದ ವರದಿಯೊಂದನ್ನು ಒಪ್ಪಿಸಿದರು. ಆ ಜನರ ಏಳಿಗೆಗೆ ಅವರ ಭಾಷೆಯೇ ಅಡ್ಡಿಯೆಂಬುದು ಅದರ ಧಾಟಿಯಾಗಿತ್ತು. ಆ ಶತಮಾನದ ಹಲವು ಶಾಲೆಗಳಲ್ಲಿ ವೆಲ್ಶ್ ಮಾತನಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ತೂಗುಹಾಕುತ್ತಿದ್ದರು. ಆ ಮಗು ಇನ್ನೊಬ್ಬರ ಬಾಯಿಂದ ವೆಲ್ಶ್ ಮಾತು ಕೇಳಿದರೆ ತುಂಡು ಅವರ ಕೊರಳಿಗೆ ದಾಟುತ್ತಿತ್ತು, ಸಂಜೆ ಅದು ಯಾರ ಕೊರಳಲ್ಲಿರುತ್ತಿತ್ತೋ ಅವರಿಗೆ ಏಟು ಬೀಳುತ್ತಿತ್ತು. ತರಗತಿಯಲ್ಲಿ ಕನ್ನಡ ಮಾತನಾಡಿದ್ದಕ್ಕೆ ಐವತ್ತು ಪೈಸೆ ದಂಡ ಕಟ್ಟಿದ ನನಗೆ, ಏಟಿಗಿಂತಲೂ ಗೆಳೆಯರ ಮಾತಿಗೆ ಕಿವಿಗೊಟ್ಟು ಕಾಯಬೇಕಾದ ಆ ಮಗುವಿನ ಸ್ಥಿತಿಯೇ ಹೆಚ್ಚು ನೋಯಿಸುತ್ತದೆ.

ಬಡತನವೂ, ಜಮೀನುದಾರರ ಗೇಣಿಯ ಭಾರವೂ ಕಾರಣಗಳಾಗಿದ್ದವು, ನಿಜ. ಆದರೆ ಹೊಟ್ಟೆಪಾಡಷ್ಟೇ ಆಗಿದ್ದರೆ ಅಮೆರಿಕ ಸಾಕಾಗಿತ್ತು. ವೇಲ್ಸ್‌ನ ಬಾಲಾ ಊರಿನ ಧರ್ಮೋಪದೇಶಕ ಮೈಕೆಲ್ ಡಿ. ಜೋನ್ಸ್ ಅಮೆರಿಕದ ಒಹಾಯೊ ಪ್ರಾಂತ್ಯಕ್ಕೆ ಹೋಗಿದ್ದಾಗ, ಅಲ್ಲಿ ನೆಲೆಸಿದ ತಮ್ಮವರು ಬೇಗನೆ ಇಂಗ್ಲಿಷಿನಲ್ಲಿ ಕರಗಿಹೋಗುತ್ತಿದ್ದುದನ್ನು ಕಂಡಿದ್ದರು. ಇಂಗ್ಲಿಷಿನ ನೆರಳು ಬೀಳದ ದೂರದ ನೆಲವೊಂದು ಬೇಕೆಂಬ ಯೋಚನೆ ಅವರಲ್ಲಿ ಬಲವಾದದ್ದು ಹಾಗೆ.

1865ರ ಮೇ ಕೊನೆಯಲ್ಲಿ ‘ಮಿಮೋಸಾ’ ಎಂಬ ಹಡಗು ಸುಮಾರು ನೂರೈವತ್ತು ಜನರನ್ನು ಹೊತ್ತು ಲಿವರ್‌ಪೂಲ್ ಬಿಟ್ಟಿತು. ಜುಲೈ 28ರಂದು, ಇಂದು ಪುವೆರ್ತೊ ಮಾದ್ರಿನ್ ಇರುವ ಕಡಲತೀರದಲ್ಲಿ ಅವರು ಇಳಿದಾಗ ಅಲ್ಲಿ ಕುಡಿಯಲು ನೀರು ಸಹ ಇರಲಿಲ್ಲ. ಅವರಲ್ಲಿ ಬೇಸಾಯ ಬಲ್ಲವರು ಕಡಿಮೆ, ಬಿತ್ತಿದ ಮೊದಲ ಬೆಳೆ ಒಣಗಿತು. ಅಲ್ಲಿನ ತೆಹುವೆಲ್ಚೆ ಜನರು ಬೇಟೆ ಕಲಿಸಿ, ರೊಟ್ಟಿಗೆ ಬದಲಾಗಿ ಮಾಂಸ ಕೊಡದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೊ. 1867ರಲ್ಲಿ, ರೇಚಲ್ ಜೆಂಕಿನ್ಸ್ ಎಂಬ ಹೆಣ್ಣುಮಗಳು ಸೂಚಿಸಿದಳೆಂದು ಹೇಳಲಾಗುವಂತೆ, ಚುಬುತ್ ನದಿಯ ನೀರನ್ನು ಕಾಲುವೆ ತೋಡಿ ಹೊಲಕ್ಕೆ ಹರಿಸಿದ ಮೇಲೆ ಗೋಧಿ ತೆನೆ ಕಟ್ಟಿತು. ಶಾಲೆ, ಪ್ರಾರ್ಥನಾ ಮಂದಿರ, ನ್ಯಾಯತೀರ್ಮಾನ, ಸಂತೆಯ ವ್ಯವಹಾರ ಎಲ್ಲವೂ ವೆಲ್ಶ್‌ನಲ್ಲಿ ನಡೆದ ಕೆಲವು ದಶಕಗಳ ಆ ಬಾಳು ಆಗಿನ ವೇಲ್ಸ್‌ನಲ್ಲಿಯೂ ಅವರಿಗೆ ದಕ್ಕುವಂತಿರಲಿಲ್ಲ.

ಹಾಗೆಂದು ಊರಿನ ನೆನಪು ಅವರನ್ನು ಬಿಟ್ಟಿತೆಂದಲ್ಲ. ವೆಲ್ಶ್‌ನಲ್ಲಿ ‘ಹಿರೈಥ್’ ಎಂಬ ಮಾತಿದೆ. ಮರಳಿ ಸಿಗಲಾರದ ನೆಲೆಗಾಗಿ ಹಾತೊರೆಯುವುದು ಎಂದು ಅದನ್ನು ಬಿಡಿಸಬಹುದು, ಆದರೆ ಜಾತ್ರೆಯ ದಿನ ತವರಿನ ದಾರಿ ನೋಡುವ ಮಗಳನ್ನು ಬಲ್ಲ ನಮಗೆ ಆ ಭಾವ ಹೊಸದಲ್ಲ. 1899ರ ಭೀಕರ ನೆರೆ ಚುಬುತ್ ನದಿಯ ಕಣಿವೆಯನ್ನು ಕೊಚ್ಚಿಹಾಕಿತು. 1902ರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಅಲ್ಲಿಂದ ಹೊರಟು ಲಿವರ್‌ಪೂಲ್‌ಗೆ ಬಂದರು. ವೇಲ್ಸ್ ಅಲ್ಲಿಂದ ಕೂಗಳತೆಯಲ್ಲಿತ್ತು. ಆದರೂ ಅವರಲ್ಲಿ ಹೆಚ್ಚಿನವರು ಇನ್ನೊಂದು ಹಡಗು ಹತ್ತಿ ಕೆನಡಾಕ್ಕೆ ಹೋದರು, ಏಕೆಂದರೆ ಉಳಲು ಸ್ವಂತ ನೆಲ ಸಿಗುತ್ತಿದ್ದುದು ಅಲ್ಲಿ. ಮರಳಬಹುದಿತ್ತಲ್ಲ ಎನ್ನುವವರಿಗೆ ನಾನು ಈ ಪ್ರಸಂಗವನ್ನೇ ಹೇಳುತ್ತೇನೆ.

ಚುಬುತ್‌ನಲ್ಲಿ ಉಳಿದವರ ಶಾಲೆಗಳಿಗೆ ಮುಂದೆ ಸ್ಪ್ಯಾನಿಷ್ ಬಂತು, ಮನೆಮಾತೂ ಬಹುಪಾಲು ಅದೇ ಆಯಿತು. ಆದರೂ ಐಸ್ತೆದ್‌ವೊದ್ ಎಂಬ ಕಾವ್ಯ-ಗಾಯನದ ಉತ್ಸವ ಅಲ್ಲಿ ಇಂದಿಗೂ ನಡೆಯುತ್ತದೆ, ವೆಲ್ಶ್‌ನ ಅತ್ಯುತ್ತಮ ಕವಿತೆಗೆ ಮರದ ಕುರ್ಚಿಯೊಂದು ಬಹುಮಾನ. ಗೆದ್ದವರ ಕಾವ್ಯನಾಮವನ್ನಷ್ಟೇ ಕೂಗುತ್ತಾರೆ. ಕತ್ತಲಾದ ಸಭಾಂಗಣದಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೆ. ಅವರನ್ನು ಕುರ್ಚಿಯಲ್ಲಿ ಕೂರಿಸುವ ಮುನ್ನ ಕತ್ತಿಯನ್ನು ಒರೆಯಿಂದ ಅರ್ಧ ಎಳೆದು, ಶಾಂತಿಯಿದೆಯೇ ಎಂದು ವೆಲ್ಶ್‌ನಲ್ಲಿ ಮೂರು ಸಲ ಕೇಳುತ್ತಾರೆ. ಮನೆಗೆ ಹೋಗಿ ಸ್ಪ್ಯಾನಿಷ್ ಮಾತನಾಡಲಿರುವ ಆ ಜನ ಮೂರು ಸಲವೂ ‘ಹೆದುಖ್’ ಎನ್ನುತ್ತಾರೆ, ಶಾಂತಿಯಿದೆ ಎಂದು.