ದುಡಿಯುವ ಕೈಗಳು, ಒಣಗಿದ ಪ್ರಾರ್ಥನೆ

ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವ ಗಂಡಸೇ ಒಳಗೆ ಎಲ್ಲರಿಗಿಂತ ಹೆಚ್ಚು ಒಣಗಿರಬಹುದು. ಕ್ರೈಸ್ತ ಸಭಾಪಾಲಕನ ಕೆಲಸ ನನಗೆ ಕಲಿಸಿದ ಪಾಠಗಳಲ್ಲಿ ಇದನ್ನು ಮೊದಲಿಗೆ ಇಡುತ್ತೇನೆ. ಕುರ್ಚಿ ಜೋಡಿಸಲು, ಕಾಣಿಕೆಯ ಲೆಕ್ಕ ಬರೆಯಲು, ಆಸ್ಪತ್ರೆಯಲ್ಲಿರುವವರನ್ನು ನೋಡಿಬರಲು ಅವನೇ ಮುಂದೆ. ಹೇಗಿದ್ದೀರಿ ಎಂದು ಕೇಳಿದರೆ "ದೇವರ ದಯೆಯಿಂದ ಚೆನ್ನಾಗಿದ್ದೇನೆ, ಅಯ್ಯನವರೇ" ಎನ್ನುತ್ತಾನೆ. ಮನೆಯ ಸಾಲ, ಮಕ್ಕಳ ಮೇಲೆ ಸಿಡಿಯುವ ಕೋಪ, ಕಣ್ಣಿನ ಪಾಪ, ತೀರಿಹೋದ ತಂದೆಯ ಬಗ್ಗೆ ಇನ್ನೂ ಆರದ ನೋವು, ಇವು ಯಾವುವೂ ಅವನ ಪ್ರಾರ್ಥನೆಯೊಳಗೆ ಬಂದಿರುವುದಿಲ್ಲ. ಸಭೆಯ ಮುಂದೆ ನಿಂತು ಬಹಳ ಹೊತ್ತು ಪ್ರಾರ್ಥಿಸಬಲ್ಲವನಿಗೆ ಒಬ್ಬನೇ ಕುಳಿತಾಗ ದೇವರಿಗೆ ಹೇಳಲು ಒಂದು ವಾಕ್ಯವೂ ಸಿಗುವುದಿಲ್ಲ.

ಇಂಥವನಿಗೆ ಮನಸ್ಸು ಬಿಚ್ಚಿ ಮಾತನಾಡಿ ಎಂದು ಬುದ್ಧಿ ಹೇಳಿ ಫಲವಿಲ್ಲ. ಮಾತು ಇಲ್ಲದವನಿಗೆ ಮಾತನ್ನು ಕೊಡಬೇಕು. ಅದಕ್ಕೆ ನಾನು ಸತ್ಯವೇದದ (ಬೈಬಲಿನ) ಕೀರ್ತನೆಗಳ ಬಳಿಗೆ ಹೋಗುತ್ತೇನೆ, ಅದರಲ್ಲೂ ನಾವು ಆರಾಧನೆಯಲ್ಲಿ ಅಪರೂಪಕ್ಕೆ ಓದುವ, ನೋವನ್ನು ದೇವರ ಮುಂದೆ ತೋಡಿಕೊಳ್ಳುವ ಪ್ರಲಾಪದ ಕೀರ್ತನೆಗಳಿಗೆ. 13ನೆಯ ಕೀರ್ತನೆ "ಇನ್ನೆಷ್ಟು ಕಾಲ?" ಎಂದು ದೇವರನ್ನೇ ಕೇಳುತ್ತದೆ, ಮತ್ತೆ ಮತ್ತೆ ಕೇಳುತ್ತದೆ. 32ನೆಯದರಲ್ಲಿ ದಾವೀದನು ತಾನು ಪಾಪವನ್ನು ಅರಿಕೆಮಾಡದೆ ಬಾಯಿ ಮುಚ್ಚಿಕೊಂಡಿದ್ದ ಕಾಲದಲ್ಲಿ ತನ್ನ ಎಲುಬುಗಳೇ ಸವೆದುಹೋದವು ಎನ್ನುತ್ತಾನೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಯಲ್ಲಿ ಒಂದು ಸ್ತೋತ್ರದ ಸಾಲೂ ಇಲ್ಲ. ಅದನ್ನು ಗಟ್ಟಿಯಾಗಿ ಓದಿದ ಹಿರಿಯರೊಬ್ಬರು "ಇದನ್ನೂ ದೇವರ ಮುಂದೆ ಹೇಳಬಹುದೇ?" ಎಂದು ಕೇಳಿದರು. ಹೇಳಬಹುದು. ಹೇಳಬಹುದೆಂದೇ ಅದು ಸತ್ಯವೇದದಲ್ಲಿ ಉಳಿದುಬಂದಿದೆ. ಗೋಲಿಯಾತನನ್ನು ಕೆಡವಿದ ದಾವೀದನ ಕಥೆಯನ್ನು ನಾವು ಗಂಡುಮಕ್ಕಳಿಗೆ ಬಾಲ್ಯದಿಂದಲೂ ಹೇಳುತ್ತೇವೆ, ಹಾಸಿಗೆಯನ್ನು ಕಣ್ಣೀರಿನಿಂದ ತೋಯಿಸಿದ ದಾವೀದನ ಕೀರ್ತನೆಯನ್ನು ಅವರಿಗೆ ಓದಿಹೇಳುವುದಿಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ದಣಿದವನೆಲ್ಲ ವಿಶ್ವಾಸದಲ್ಲಿ ಬಿದ್ದುಹೋದವನಲ್ಲ ಎಂಬುದನ್ನೂ ಈ ಕೆಲಸದಲ್ಲಿ ಗುರುತಿಸಲು ಕಲಿಯಬೇಕು. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ ಎಲೀಯನು ಸ್ವಲ್ಪದರಲ್ಲೇ ಅಡವಿಗೆ ಹೋಗಿ, ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ದೇವರು ಅವನನ್ನು ಗದರಿಸುವುದಿಲ್ಲ. ದೂತನು ರೊಟ್ಟಿ, ನೀರು ತಂದು ಎಬ್ಬಿಸುತ್ತಾನೆ; ತಿಂದು ಮತ್ತೆ ಮಲಗಿದವನನ್ನು ಇನ್ನೊಮ್ಮೆ ಎಬ್ಬಿಸಿ ಉಣಿಸುತ್ತಾನೆ. ಹೋರೇಬ್ ಬೆಟ್ಟದಲ್ಲಿ ದೇವರ ಮೆಲುದನಿ ಅವನಿಗೆ ಕೇಳಿಸುವುದು ಆಮೇಲೆ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಆರಾಧನೆಗೆ ಬರುವ ಸಹೋದರನಿಗೆ ಬೆಳಗಿನ ಜಾವದ ಉಪವಾಸ ಪ್ರಾರ್ಥನೆಯನ್ನು ಹೇರುವ ಮೊದಲು ಅವನು ನಿದ್ರೆ ಮಾಡುತ್ತಿದ್ದಾನೆಯೇ ಎಂದು ವಿಚಾರಿಸುತ್ತೇನೆ. ಸಾಯುವ ಮಾತನ್ನು ಯಾರಾದರೂ ಆಡಿದರೆ ಪ್ರಾರ್ಥನೆ ಮಾಡಿ ಕಳುಹಿಸಿ ಸುಮ್ಮನಾಗುವುದಿಲ್ಲ, ವೈದ್ಯರ ಬಳಿಗೆ ಜೊತೆಯಲ್ಲೇ ಹೋಗುತ್ತೇನೆ.

ಇನ್ನು ನಮ್ಮ ಸಭೆಯ ಪುರುಷರ ಕೂಟದ ವಿಷಯ. ಇಂಥ ಕೂಟಕ್ಕೆ ಹಳೆಯ ಮಾದರಿಯೊಂದಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಮೆಥಡಿಸ್ಟ್ ಪಂಥವನ್ನು ಆರಂಭಿಸಿದ ಬೋಧಕ ಜಾನ್ ವೆಸ್ಲಿಯವರ ಜೊತೆಗಾರರು ಪ್ರಾರ್ಥನಾ ಮಂದಿರದ ಸಾಲ ತೀರಿಸುವ ದಾರಿ ಹುಡುಕುತ್ತಿದ್ದರು. ಸುಮಾರು ಹನ್ನೆರಡು ಜನರಿಗೆ ಒಬ್ಬ ಮುಖಂಡ, ವಾರಕ್ಕೆ ತಲೆಗೊಂದು ಪೆನ್ನಿ, ಮನೆಮನೆಗೆ ಹೋಗಿ ವಸೂಲಿ ಎಂದು ನಿಶ್ಚಯವಾಯಿತು. ಹಣಕ್ಕೆಂದು ಹೋದವರಿಗೆ ಆ ಮನೆಗಳ ನಿಜಸ್ಥಿತಿ ಕಂಡಿತು. ವಸೂಲಿಯ ಆ ಏರ್ಪಾಡೇ ಆತ್ಮದ ಕ್ಷೇಮ ವಿಚಾರಿಸುವ ವಾರದ ಕೂಟವಾಗಿ ಬೆಳೆಯಿತು. ಗಂಡಸರ ಸ್ವಭಾವ ಬಲ್ಲವರಿಗೆ ಇದು ಅಚ್ಚರಿಯಲ್ಲ. ಎದುರುಬದುರು ಕೂರಿಸಿದರೆ ಮುದುರಿಕೊಳ್ಳುವವರು ಒಂದು ಕೆಲಸವನ್ನು ಕೈಗೆ ಕೊಟ್ಟರೆ ಅಕ್ಕಪಕ್ಕ ನಿಂತು ಮಾತನಾಡುತ್ತಾರೆ. ನಮ್ಮ ಕೂಟದಲ್ಲೂ ಸಭಾಂಗಣ ಗುಡಿಸುತ್ತ ಆರಂಭವಾದ ಮಾತುಗಳೇ ಆಳಕ್ಕೆ ಇಳಿದಿವೆ.

ಪ್ರಶ್ನೆ ಚಿಕ್ಕದಾಗಿರಬೇಕು. "ನಿಮ್ಮ ಆತ್ಮಿಕ ಜೀವನ ಹೇಗಿದೆ?" ಎಂದರೆ ಎಲ್ಲರೂ ಪ್ರಸಂಗ ಮಾಡುತ್ತಾರೆ. "ಈ ವಾರ ದೇವರಿಗೆ ಹೇಳದೆ ಉಳಿಸಿಕೊಂಡದ್ದು ಏನು?" ಎಂದು ಕೇಳುತ್ತೇನೆ. ಮುಂದಿನ ವಾರವೂ ಅದೇ ಪ್ರಶ್ನೆ. ಮೊದಲು ಉತ್ತರಿಸುವವನು ಕೂಟವನ್ನು ನಡೆಸುವವನೇ ಆಗಿರಬೇಕು, ಅಂದರೆ ನಾನೇ. ಕ್ರಿಸ್ತನೂ ತನ್ನನ್ನು ಹಿಡಿದುಕೊಟ್ಟ ರಾತ್ರಿ ಗೆತ್ಸೆಮನೆ ತೋಟದಲ್ಲಿ ತನ್ನ ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರಿಗೆ ತನ್ನ ಪ್ರಾಣವು ಸಾಯುವಷ್ಟು ದುಃಖಕ್ಕೆ ಒಳಗಾಗಿದೆ ಎಂದು ಬಾಯಿಬಿಟ್ಟು ಹೇಳಿದನಲ್ಲ. ಅವರು ನಿದ್ದೆಹೋದರು ನಿಜ, ಆದರೂ ಅವರ ಸಂಗಡವನ್ನು ಆತನು ಕೇಳಿಕೊಂಡನು.

ಕೂಟದಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು ಎಂಬ ನಿಯಮದಲ್ಲಿ ನಾನು ಬಹಳ ಕಟ್ಟುನಿಟ್ಟು. ಒಬ್ಬನ ಪಾಪದ ಅರಿಕೆ ಮತ್ತೊಬ್ಬನ ಮನೆಯಲ್ಲಿ ಪ್ರಾರ್ಥನಾ ವಿಷಯದ ಹೆಸರಿನಲ್ಲಿ ಹರಡಿದರೆ ಆ ಮನುಷ್ಯನು ಮತ್ತೆ ಯಾರ ಮುಂದೆಯೂ ಬಾಯಿ ತೆರೆಯುವುದಿಲ್ಲ. ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ, ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ ಕೈ ಏಳುತ್ತಿದ್ದಾಗ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಇದನ್ನು ಮೊದಲ ದಿನವೇ ಎಲ್ಲರಿಗೂ ತಿಳಿಸಿಬಿಡುತ್ತೇನೆ.

ಹೊಸದಾಗಿ ಸಭೆಯ ಹೊಣೆ ಹೊರುತ್ತಿರುವ ತಮ್ಮಂದಿರಿಗೆ ಒಂದು ಕೋರಿಕೆ. ಪ್ರಸಂಗಕ್ಕಾಗಿ ವಾಕ್ಯ ಓದುವುದನ್ನೇ ನಿಮ್ಮ ಸ್ವಂತ ಧ್ಯಾನವೆಂದು ಲೆಕ್ಕ ಹಾಕಬೇಡಿ. ಆ ಓದಿನಲ್ಲಿ ಕಣ್ಣು ಸಭೆಯ ಮೇಲಿರುತ್ತದೆ. ಈ ಮಾತು ಯಾರಿಗೆ ತಾಗಬೇಕು ಎಂದು ಮನಸ್ಸು ಹುಡುಕುತ್ತಿರುತ್ತದೆ. ನಾನು ಪ್ರಸಂಗಕ್ಕೆ ಆರಿಸಿಕೊಂಡ ಪುಸ್ತಕವನ್ನು ಬಿಟ್ಟು ಬೇರೊಂದನ್ನು ನನಗಾಗಿ ಇಟ್ಟುಕೊಳ್ಳುತ್ತೇನೆ, ಅದರಿಂದ ಟಿಪ್ಪಣಿ ಬರೆದುಕೊಳ್ಳುವುದಿಲ್ಲ. ಜನರು ಗುಂಪುಗುಂಪಾಗಿ ಬರುತ್ತಿದ್ದ ದಿನಗಳಲ್ಲೇ ಯೇಸು ಅವರನ್ನು ಬಿಟ್ಟು ನಿರ್ಜನ ಸ್ಥಳಗಳಿಗೆ ಹೋಗಿ ಪ್ರಾರ್ಥಿಸುತ್ತಿದ್ದನೆಂದು ಲೂಕನು ತನ್ನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ವಾಸಿಯಾಗಲು ಕಾದಿದ್ದವರು ಆಗಲೂ ಇದ್ದರು. ಹಾಗಾಗಿ ಆ ಹೊತ್ತಿನಲ್ಲಿ ನನ್ನ ಮೊಬೈಲ್ ಪಕ್ಕದ ಕೋಣೆಯಲ್ಲಿರುತ್ತದೆ, ತುರ್ತು ಕರೆಗಳನ್ನು ಹಿರಿಯರೊಬ್ಬರು ನೋಡಿಕೊಳ್ಳುತ್ತಾರೆ. ಈ ಏರ್ಪಾಡನ್ನು ಸಭೆಯ ಮುಂದೆಯೇ ಪ್ರಕಟಿಸಿದ್ದೇನೆ. ಹಿರಿಯರಲ್ಲಿ ಕೆಲವರು ಈಗ ತಮ್ಮ ಮನೆಗಳಲ್ಲಿಯೂ ಅದನ್ನೇ ಮಾಡಿಕೊಂಡಿದ್ದಾರೆ.