ಜವಾರಿ ಮೀನ ಎಲ್ಲಿ ಉಳದಾವ್ರಿ?

ಬಾಗಲಕೋಟೆ ಕಡೆ ಮೀನಿನ ಸರ್ವೆಗೆ ಹೊರಟಿದ್ದೀನಿ ಅಂದಾಗ ನಮ್ಮವ್ವ ನಕ್ಕಿದ್ದಳು. "ರೊಟ್ಟಿ, ಶೇಂಗಾ ಹಿಂಡಿ ತಿನ್ನೋ ಮಂದಿಗೆ ಮೀನ ಯಾಕ ತಿನ್ನಂಗಿಲ್ಲ ಅಂತ ಕೇಳಾಕ ಪಗಾರ ಕೊಡ್ತಾರೇನೋ?" ಕೊಡ್ತಾರೆ. ಜಾಸ್ತಿ ಏನಲ್ಲ, ಆದರೆ ಕೊಡ್ತಾರೆ.

ಮೊದಲ ಪೈಲಟ್, ಅಂದರೆ ಟ್ರಯಲ್ ಸರ್ವೆ, ಶ್ರಾವಣದಲ್ಲಿ ಇಟ್ಟರು. ಬೇಡ ಅಂತ ಎರಡು ಮೇಲ್ ಹಾಕಿದೆ. ಫಂಡ್ ವಾಪಸ್ ಹೋಗುತ್ತೆ ಅಂದರು. "ಕಳೆದ 30 ದಿನಗಳಲ್ಲಿ ಎಷ್ಟು ಸಲ ಮೀನು ತಿಂದಿದ್ದೀರಿ?" ಅನ್ನೋ ಕಾಲಂ ಪೂರ್ತಿ ಸೊನ್ನೆ. ಅದರ ಬಗ್ಗೆ ಹೇಳೋಕೆ ಹೋದರೆ ಇವತ್ತು ಮುಗಿಯಲ್ಲ. ಅಂತೂ ದಸರಾ ಆದಮೇಲೆ ಮತ್ತೆ ಫೀಲ್ಡ್ ಶುರುವಾಯ್ತು. ಬೆಳಗಾವಿ ಒಂದು ಟೀಮು, ಬಾಗಲಕೋಟೆ ಒಂದು ಟೀಮು.

ಫಾರಂ ಬೆಂಗಳೂರಿನಿಂದ ಇಂಗ್ಲಿಷಿನಲ್ಲಿ ಬಂದಿತ್ತು. ಕನ್ನಡ ಮಾಡಿದ್ದು ನಾನೇ. ಎರಡು ರಾತ್ರಿ ಕೂತು ಮಾಡಿದ್ದೆ. 'ಲೋಕಲ್ ಫಿಶ್' ಅಂತ ಇದ್ದ ಕಡೆಯಲ್ಲೆಲ್ಲ 'ಸ್ಥಳೀಯ ಮೀನು' ಅಂತ ಹಾಕಿ, ಎಷ್ಟು ನೀಟಾಗಿ ಕೂತಿತು ಅಂತ ಖುಷಿಪಟ್ಟಿದ್ದೆ. ಟ್ರೈನಿಂಗ್ ದಿನ ಎಲ್ಲರಿಗೂ ಒಂದೇ ಮಾತು: ಪ್ರಶ್ನೆ ಇದ್ದ ಹಾಗೇ ಓದಿ, ನಿಮ್ಮ ಸ್ವಂತದ್ದು ಸೇರಿಸಬೇಡಿ. ಅವತ್ತು ರಾತ್ರಿ ಮುಧೋಳ ಕಡೆಯ ಒಬ್ಬ ಹುಡುಗ ಗ್ರೂಪಿನಲ್ಲಿ ಕೇಳಿದ್ದ: "ಸರ, ಸ್ಥಳೀಯ ಅಂದ್ರ ಮಂದಿ ಕಣ್ಣಕಣ್ಣ ಬಿಡ್ತಾರ. ಏನಂತ ಹೇಳೂದ್ರಿ?" ನಾನು ಊಟ ಮಾಡ್ತಿದ್ದೆ. ಎಡಗೈಯಲ್ಲಿ ಹೆಬ್ಬೆಟ್ಟಿನ ಗುರುತು ಒತ್ತಿ ಫೋನ್ ಬೋರಲು ಹಾಕಿದೆ. ಅದನ್ನ ಅವನು ಹೇಗೆ ತಗೋಬೇಕಿತ್ತು? ಹೂಂ ಅಂತಲೋ, ನಿನಗೆ ತಿಳಿದಂಗೆ ಮಾಡು ಅಂತಲೋ? ಆಗ ನನಗೆ ಆ ಯೋಚನೆಯೇ ಬರಲಿಲ್ಲ.

ಮೂರನೇ ದಿನ ಡ್ಯಾಶ್‌ಬೋರ್ಡ್ ನೋಡಿದರೆ ವಿಚಿತ್ರ. ಬೆಳಗಾವಿಯಲ್ಲಿ ಮೀನು ತಿನ್ನುವವರಲ್ಲಿ ಹೆಚ್ಚುಕಮ್ಮಿ ಎಲ್ಲರೂ 'ಸ್ಥಳೀಯ ಮೀನು ತಿನ್ನುತ್ತೇವೆ'. ಆಲಮಟ್ಟಿ ಹಿನ್ನೀರಿನ ಪಕ್ಕದಲ್ಲೇ ಇರೋ ಬೀಳಗಿ ಕಡೆಯ ಊರುಗಳಲ್ಲಿ 'ಇಲ್ಲ'. ಕಾರಣ: ಸಿಗುವುದಿಲ್ಲ. ಮನೆ ಹಿಂದೆ ಕೃಷ್ಣಾ ನೀರು ಸಮುದ್ರದ ಹಾಗೆ ನಿಂತಿದೆ, ಮೀನು ಸಿಗಲ್ವಂತೆ! ನಮ್ಮ ಮ್ಯಾನೇಜರಿಗೆ ಮಾತ್ರ ಖುಷಿಯೋ ಖುಷಿ. ಸಂಜೆಯೊಳಗೆ ಸ್ಲೈಡ್ ರೆಡಿ. ಎರಡು ಬಾರ್, ಒಂದು ಉದ್ದ, ಒಂದು ಗಿಡ್ಡ, ಮೇಲೆ 'ಪೂರೈಕೆ ಸರಪಳಿಯ ಕೊರತೆ' ಅಂತ ಹೆಡ್ಡಿಂಗು.

ನಾನು 'ಇಲ್ಲ' ಫಾರಂಗಳನ್ನ ತೆಗೆದು ನೋಡಿದೆ. ಸುಮಾರೆಲ್ಲ ಆ ಮುಧೋಳದ ಹುಡುಗನವೇ. ಒಂದೊಂದು ನಾಲ್ಕೈದು ನಿಮಿಷದಲ್ಲಿ ಮುಗಿದಿವೆ. ಮ್ಯಾಪಿನಲ್ಲಿ ಒಂದು ಮನೆಯ ಚುಕ್ಕೆ ನಟ್ಟನಡುವೆ ನೀರಿನಲ್ಲಿ ಬಿದ್ದಿದೆ. ನಮ್ಮ ಟ್ಯಾಬ್‌ಗಳ ಜಿಪಿಎಸ್ ಯಾವತ್ತೂ ಹಂಗೇ. ಒಮ್ಮೆ ನನ್ನ ಟ್ಯಾಬು ನನ್ನನ್ನೇ ಕಬ್ಬಿನ ಗದ್ದೆಯಲ್ಲಿ ತೋರಿಸಿತ್ತು. ಇದು ಗೊತ್ತಿದ್ದೂ ಅವತ್ತು ನನ್ನ ತಲೆಗೆ ಬಂದಿದ್ದು ಒಂದೇ: ಇವನು ಬಸ್ ಸ್ಟ್ಯಾಂಡಿನಲ್ಲಿ ಕೂತು ಫಾರಂ ತುಂಬಿದ್ದಾನೆ.

ಮರುದಿನ ಹೇಳದೆ ಕೇಳದೆ ಬ್ಯಾಕ್ ಚೆಕ್‌ಗೆ, ಅಂದರೆ ತುಂಬಿದ ಫಾರಂ ನಿಜವಾ ಅಂತ ಅದೇ ಮನೆಗಳಿಗೆ ಹೋಗಿ ನೋಡೋಕೆ, ಹೊರಟೆ. ಅದೊಂದು ಪುನರ್ವಸತಿ ಊರು. ಹಳೇ ಊರು ನೀರಿನಡಿ ಹೋಗಿದೆ, ಹೊಸದಕ್ಕೆ ನೇರ ರಸ್ತೆ, ಒಂದೇ ಅಳತೆಯ ಸೈಟು. ಡ್ಯಾಮ್ ತುಂಬಿತ್ತು. 519.60 ಮೀಟರಿಗೆ ನೀರು ನಿಂತರೆ ಆ ಊರಿನ ಕೊನೇ ಓಣಿಯಿಂದಲೇ ಅಲೆಯ ಸದ್ದು ಕೇಳುತ್ತೆ. ಪಟ್ಟಿಯಲ್ಲಿದ್ದ ಮನೆ ಹುಡುಕಿ ಹೋದರೆ, ಅಂಗಳದಲ್ಲಿ ಒಬ್ಬಾಕೆ ಇಳಿಗೆ ಮಣೆ ಮುಂದೆ ಕೂತಿದ್ದಾರೆ. ಪಕ್ಕದಲ್ಲಿ ಬೂದಿ. ಕೈಯಲ್ಲಿ ಮೊಳದುದ್ದದ ಕಾಟ್ಲಾ! ಬೂದಿ ಹಚ್ಚಿ, ಬಾಲ ಹಿಡಿದು, ಹುರುಪೆ ಕೆರೆದು ತೆಗೀತಿದ್ದಾರೆ. ಸೂರ್ಯನ ಬಿಸಿಲಿಗೆ ಹುರುಪೆ ಮಿರಮಿರ ಹಾರಿ ಅವರ ಬಳೆಗೆಲ್ಲ ಅಂಟಿಕೊಂಡಿತ್ತು. ಬೆಕ್ಕೊಂದು ಕಾಲ ಹತ್ತಿರವೇ ಸುತ್ತುತ್ತಿತ್ತು.

ನನ್ನ ಟ್ಯಾಬಿನಲ್ಲಿ ಅದೇ ಮನೆ. ಸ್ಥಳೀಯ ಮೀನು ತಿನ್ನುತ್ತೀರಾ? ಇಲ್ಲ. ಕಾರಣ? ಸಿಗುವುದಿಲ್ಲ.

ಸಿಕ್ಕಿಬಿದ್ದ ಅಂದುಕೊಂಡೆ. ಆಕೆಯನ್ನ ಒಂದು ಮಾತು ಕೇಳಿದ್ದರೆ ಮುಗೀತಿತ್ತು. ಕೇಳಲಿಲ್ಲ. ಅಲ್ಲೇ ಅಂಗಳದಲ್ಲಿ ನಿಂತು ಹುಡುಗನಿಗೆ ಫೋನ್ ಹಚ್ಚಿದೆ. ಅವನು ಅದೇ ಊರಲ್ಲಿ ಎರಡು ಓಣಿ ಆಚೆ ಇದ್ದ, ಓಡಿ ಬಂದ. ಶರ್ಟು ಬೆವರಲ್ಲಿ ತೊಯ್ದಿತ್ತು. ಅವನು ಟ್ಯಾಬಿಗೆ ಕೈ ಚಾಚಿದರೂ ಕೊಡದೆ ಶುರು ಮಾಡಿದೆ. ಕೂತಲ್ಲೇ ಫಾರಂ ತುಂಬೋದು ನಿನಗೆ ಯಾರು ಕಲಿಸಿದರು, ದಿನದ ದುಡ್ಡು ಸುಮ್ನೆ ಬರುತ್ತಾ, ಇಲ್ಲಿ ಕಣ್ಣೆದುರಿಗೆ ಮೀನಿದೆ ನೀನು ಇಲ್ಲ ಅಂತ ಒತ್ತಿದ್ದೀಯಲ್ಲ. ಪಕ್ಕದ ಮನೆಯವರು ಹೊರಗೆ ಬಂದರು. ಎರಡು ಸಣ್ಣ ಹುಡುಗರು ಕಟ್ಟೆ ಮೇಲೆ ಕೂತು ನೋಡೋಕೆ ಶುರು ಮಾಡಿದರು. ಅವನು ಬಾಯಿ ಬಿಡಲೇ ಇಲ್ಲ. ಮೀನನ್ನೇ ನೋಡ್ತಾ ನಿಂತಿದ್ದ. ತಪ್ಪು ಮಾಡಿದವನೇ ಹಿಂಗೆ ಸುಮ್ಮನಿರೋದು ಅಂತ ನನಗೆ ಇನ್ನೂ ಸಿಟ್ಟು ಬಂತು.

ಆಕೆ ಇಳಿಗೆ ಪಕ್ಕಕ್ಕಿಟ್ಟರು. "ಯಾಕ್ರೀ ಸಾಹೇಬ್ರ, ಹುಡುಗನ್ನ ಹಂಗ್ಯಾಕ ಬೈತೀರಿ? ನಿನ್ನಿ ಬಂದಿದ್ದ. ಇಲ್ಲೇ ಕುಂತು ಚಾ ಕುಡುದ. ಜವಾರಿ ಮೀನ ತಿಂತೀರೇನ್ರಿ ಅಂತ ಕೇಳಿದ. ಇಲ್ಲಪಾ ಅಂದೆ. ಜವಾರಿ ಮೀನ ಎಲ್ಲಿ ಉಳದಾವ್ರಿ ಈಗ?"

ನಾನು ಆ ಕಾಟ್ಲಾ ಕಡೆ ಬೆರಳು ತೋರಿಸಿದೆ. ಅವರು ನನ್ನನ್ನ ಪಾಪ ಅನ್ನೋ ಹಾಗೆ ನೋಡಿದರು. "ಇದು ಡ್ಯಾಮಿನ ಮೀನರೀ. ಮರಿ ತಂದ ಬಿಟ್ಟಿದ್ದು. ಜವಾರಿ ಅಂದ್ರ ಬಾಳಿ ಮೀನ, ಚೇಳ ಮೀನ, ಹಾವ ಮೀನ. ಹೊಳಿ ಹರಿಯುವಾಗ ನಮ್ಮ ಮಾವ ಹಿಡೀತಿದ್ರು."

ಅಂಗಳದಲ್ಲಿ ನಿಂತ ನನಗೆ ಎಲ್ಲಿ ನೋಡಬೇಕೋ ಗೊತ್ತಾಗಲಿಲ್ಲ. ಆಕೆ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗಾ ಕಡೆಯ ಮೀನುಗಳು. ನಮ್ಮ ಜಲಾಶಯಗಳಿಗೆ ಮರಿ ತಂದು ಬಿಟ್ಟು ಬೆಳೆಸಿದ್ದು. ಜವಾರಿ ಕೋಳಿ, ಜವಾರಿ ಟೊಮ್ಯಾಟೊ, ಜವಾರಿ ಬದನಿಕಾಯಿ ಅನ್ನೋ ಊರಲ್ಲಿ 'ಸ್ಥಳೀಯ' ಅಂದರೆ ಇನ್ನೇನು? ಹುಡುಗ ಸರಿಯಾಗೇ ಅನುವಾದ ಮಾಡಿದ್ದ. ಆಕೆ ಸರಿಯಾಗೇ ಉತ್ತರ ಕೊಟ್ಟಿದ್ದರು. ಪ್ರಶ್ನೆ ಮಾತ್ರ ನನ್ನದು.

ಬೆಳಗಾವಿಯ ಉದ್ದನೆ ಬಾರಿನ ಗುಟ್ಟೂ ಅವತ್ತೇ ಸಂಜೆ ಬಯಲಾಯ್ತು. ಅಲ್ಲಿ ಬಂಗಡೆ, ತಾರ್ಲೆ, ಸುರಮಯಿ ಗೋವಾ ಕಡೆಯಿಂದ ಘಟ್ಟ ಹತ್ತಿ ಬರುತ್ತೆ. ಬೆಳಗ್ಗೆ ಮಾರ್ಕೆಟ್ಟಿಗೆ ಹೋದರೆ ಸಿಗುತ್ತೆ, ಅಜ್ಜಿ ಕಾಲದಿಂದಲೂ ತಿಂದಿದ್ದು, ಅಂದಮೇಲೆ ನಮ್ಮದೇ ಅಲ್ವಾ? 100 ಚಿಲ್ಲರೆ ಕಿಲೋಮೀಟರ್ ಬಂದ ಸಮುದ್ರದ ಮೀನು ಅಲ್ಲಿ ಸ್ಥಳೀಯ. ಮನೆ ಹಿತ್ತಲಿನ ನೀರಲ್ಲಿ ಹಿಡಿದ ಕಾಟ್ಲಾ ಇಲ್ಲಿ ಸ್ಥಳೀಯ ಅಲ್ಲ. ಮ್ಯಾನೇಜರಿಗೆ ಫೋನ್ ಮಾಡಿ ಸ್ಲೈಡ್ ತೆಗೀರಿ ಅಂದೆ. "ಈಗಾಗಲೇ ಮೇಲಕ್ಕೆ ಕಳಿಸಿದ್ದೀನಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಫುಟ್‌ನೋಟ್ ಹಾಕಿದರೆ ನಡೆಯಲ್ವಾ?" ಅಂತಲೂ ಕೇಳಿದರು.

ಫಾರಂ ಬಿಚ್ಚಿ ಹೊಸದಾಗಿ ಕಟ್ಟೋಕೆ ಕೂತೆವು. 'ಯಾಕೆ ತಿನ್ನಲ್ಲ' ಡ್ರಾಪ್‌ಡೌನಿನಲ್ಲಿ ಬೆಲೆ, ರುಚಿ, ಆರೋಗ್ಯ, ಧಾರ್ಮಿಕ ಕಾರಣ ಎಲ್ಲ ಇತ್ತು. ಮುಳ್ಳು ಇರಲಿಲ್ಲ! ಬಂಗಡೆಯ ಬೆನ್ನುಮೂಳೆ ಎಳೆದರೆ ಮಾಂಸ ಕೈಗೆ ಬರುತ್ತೆ. ಕಾಟ್ಲಾ, ರೋಹು ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳು ಬೇರೆ ಇರುತ್ತೆ, ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳೋದು ಅದೇ. 'ಇತರೆ'ಯಲ್ಲಿ ರಾಶಿ ಬಿದ್ದಿದ್ದನ್ನ ಬಿಡಿಸಿ ನೋಡಿದರೆ ಮುಳ್ಳು, ಕೆಸರಿನ ವಾಸನೆ, 'ಅತ್ತಿ ಒಲಿ ಮ್ಯಾಲೆ ಇಡಾಕ ಬಿಡಂಗಿಲ್ಲ'. ಮನೆಯಲ್ಲಿ ತಿನ್ನದೆ ಸಾವಜಿ ಖಾನಾವಳಿಯಲ್ಲಿ ತಿನ್ನೋರನ್ನ ನನ್ನ ಸ್ಕಿಪ್ ಲಾಜಿಕ್ (ಉತ್ತರ ನೋಡಿ ಮುಂದಿನ ಪ್ರಶ್ನೆ ಹಾರಿಸೋ ಲೆಕ್ಕ) ಎರಡನೇ ಪ್ರಶ್ನೆಗೇ ಮನೆಗೆ ಕಳಿಸ್ತಿತ್ತು. ಫೋಟೋ ಕಾರ್ಡ್ ಮಾಡೋಣ ಅಂದರೆ ಕಲರ್ ಪ್ರಿಂಟಿಗೆ ಬಜೆಟ್ ಇಲ್ಲವಂತೆ. ಕಪ್ಪುಬಿಳುಪಿನಲ್ಲಿ ರೋಹುವೂ ಒಂದೇ, ಮೃಗಾಲೂ ಒಂದೇ.

ಮೀನಿನ ಹೆಸರು, ಎಲ್ಲಿಂದ ಬಂತು ಅನ್ನೋ ಪ್ರಶ್ನೆಗಳನ್ನ ಈ ಸಲ ಮುಧೋಳದ ಹುಡುಗನ ಕೈಯಲ್ಲೇ ಬರೆಸಿದೆ. ಹೊಳಿ ಮೀನ, ಕೆರಿ ಮೀನ, ಡ್ಯಾಮಿನ ಮೀನ, ಸಮುದ್ರದ ಮೀನ. ಸಾರಿ ಹೇಳಿದ್ದೆ ಅವನಿಗೆ, ವಾಪಸ್ ಬರೋವಾಗ ಜೀಪಿನಲ್ಲಿ. "ಇರ್ಲಿ ಬಿಡ್ರಿ ಸರ" ಅಂದ, ಕಿಟಕಿ ಕಡೆ ನೋಡ್ತಾ. ಬೈದಿದ್ದು ಊರ ಮುಂದೆ, ಸಾರಿ ಕೇಳಿದ್ದು ಜೀಪಿನೊಳಗೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು.

ಹೊಸ ಫಾರಂ ಬ್ಯಾಕ್ ಟ್ರಾನ್ಸ್‌ಲೇಷನ್‌ಗೆ, ಅಂದರೆ ಕನ್ನಡದಿಂದ ಮತ್ತೆ ಇಂಗ್ಲಿಷ್ ಮಾಡಿ ನೋಡೋಕೆ, ಬೆಂಗಳೂರಿಗೆ ಹೋಯ್ತು. ನಾಲ್ಕು ದಿನಕ್ಕೆ ಕೆಂಪು ಅಕ್ಷರದಲ್ಲಿ ಕಾಮೆಂಟ್ ಬಂತು: 'ಹೋಳಿ ಹಬ್ಬದ ಮೀನು ಅಂದರೇನು? ಇದು ಯಾವ ಸಂಪ್ರದಾಯ? ದಯವಿಟ್ಟು ವಿವರಿಸಿ.' ನಾನು ಅದನ್ನ ಹಾಗೇ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದೆ. ಏನಂತ ಉತ್ತರ ಕೊಡೋಣ ಅಂತ ಅವನ ಹೆಸರು ಹಾಕಿಯೇ ಕೇಳಿದೆ.

ಎರಡು ನಿಮಿಷ ಬಿಟ್ಟು ಹುಡುಗ ಹೆಬ್ಬೆಟ್ಟು ಒತ್ತಿದ.